ನಮ್ಮ ಮನೆಯಲ್ಲಿ ಆಡದ ಮಾತು

ಫೆಬ್ರವರಿ 3, ಬೆಳಿಗ್ಗೆ 6.20
ಅಕ್ಕ ಮೂರನೇ ಸುತ್ತು ಮುಗಿಸಿದಳು. ಕಾರಿಡಾರಿನ ಈ ಕೊನೆಯಿಂದ ಆ ಕೊನೆಗೆ ನಲವತ್ತೊಂದು ಹೆಜ್ಜೆ. ಬಿಸಿನೀರಿನ ಸ್ನಾನ ಆಯಿತು. ಹತ್ತು ನಿಮಿಷ ಉಸಿರಾಟದ ಅಭ್ಯಾಸ ಆಯಿತು. ರಾತ್ರಿ ಒಂಬತ್ತೂವರೆಗೇ ಮಲಗಬೇಕು, ಫೋನು ನನ್ನ ವಶ.
ಎರಡು ವರ್ಷ, ಆರು ಡಾಕ್ಟರು. "ರಿಪೋರ್ಟ್ ನಾರ್ಮಲ್, ಎಲ್ಲಾ ನಿಮ್ಮ ಮನಸ್ಸಲ್ಲಿದೆ" ಎಂದು ಕೈತೊಳೆದುಕೊಂಡರು. ಏಳನೆಯವರು ಹೆಸರು ಹೇಳಿದರು — ಫೈಬ್ರೊಮಯಾಲ್ಜಿಯಾ. ಮೈಯೆಲ್ಲ ಹಿಂಡುವ, ನಿದ್ದೆ ಕದಿಯುವ, ಯಾವ ಸ್ಕ್ಯಾನಿಗೂ ಸಿಗದ ಕಾಯಿಲೆ. ಅವರದು ಡಾಕ್ಟರು, ವ್ಯಾಯಾಮ ಹೇಳಿಕೊಡುವ ಫಿಸಿಯೋ, ಆಪ್ತಸಲಹೆಗಾರ್ತಿ ಒಂದೇ ಮೇಜಿನ ಸುತ್ತ ಕೂತು ನೋಡುವ ಕ್ಲಿನಿಕ್. ಅಲ್ಲಿನ ಕರಪತ್ರ ಹನ್ನೊಂದು ಸಲ ಓದಿದ್ದೇನೆ. ಮಾತ್ರೆ ಎಂದರೆ ಶರಣಾಗತಿ. ನಾವು ಶರಣಾಗುವುದಿಲ್ಲ.
"ಏನಮ್ಮಾ ಕರಪತ್ರ, ಇವತ್ತಿನ ಆಜ್ಞೆ ಏನು?" ಅಕ್ಕ ಈಗ ನನ್ನನ್ನು ಕರೆಯುವುದೇ ಹಾಗೆ.

ಫೆಬ್ರವರಿ 6
ಹೊಸ ಕಾನೂನು. ಕರಪತ್ರ, ನಾಲ್ಕನೇ ಪುಟ: ನೋವಿನ ಸುತ್ತಲೇ ದಿನ ಕಳೆಯಬೇಡಿ. ಸರಿ, ಆ ಪದವನ್ನೇ ಗಡೀಪಾರು ಮಾಡಿದೆ. ಇನ್ನು ಈ ಮನೆಯಲ್ಲಿ ಹವಾಮಾನ ಮಾತ್ರ — ಹಗುರವಾದರೆ ಬಿಸಿಲು, ಸುಮಾರಾದರೆ ಮೋಡ, ಜೋರಾದರೆ ಮಳೆ. ಬಾಯಿತಪ್ಪಿ ಆ ಪದ ಬಂದರೆ ನಾಲ್ಕು ಮಹಡಿ ಒಂದು ಸಲ ಹತ್ತಿ ಇಳಿಯಬೇಕು.
ಅಮ್ಮ ರೇಗಿದಳು. "ಬಾಯಿಗೆ ಬೀಗ ಹಾಕಿದ್ರೆ ಮೈ ಸುಮ್ನಿರುತ್ತೇನೇ?"
ಅಕ್ಕ ನಕ್ಕಳು. "ಬಿಡಮ್ಮ. ಇಷ್ಟು ದಿನ ಯಾರೂ ನನ್ನ ನಂಬ್ಲಿಲ್ಲ. ಇವಳೊಬ್ಳು ನಂಬಿದಾಳೆ. ಇವಳು ಹೇಳಿದ್ದು ಮಾಡ್ತೀನಿ."
ಗೋಡೆಗೆ ಹವಾಮಾನದ ಚಾರ್ಟು ಅಂಟಿಸಿದೆ.

ಫೆಬ್ರವರಿ 11
ಐದು ದಿನದಲ್ಲಿ ಮೂರು ಬಿಸಿಲು! ಸುತ್ತು ಎಂಟಕ್ಕೆ ಏರಿಸಿದೆ. ಮೆಟ್ಟಿಲಿನ ದಂಡ ಎರಡೇ ಸಲ.
ಕ್ಲಿನಿಕ್ಕಿನಲ್ಲಿ ಫಿಸಿಯೋ ಹುಬ್ಬು ಗಂಟಿಕ್ಕಿದರು. "ಚೆನ್ನಾಗಿದೆ ಅಂತ ಒಂದೇ ಸಲ ಜಾಸ್ತಿ ಮಾಡಿಸ್ಬೇಡಿ. ಒಳ್ಳೇ ದಿನಾನೂ ಅಷ್ಟೇ, ಕೆಟ್ಟ ದಿನಾನೂ ಅಷ್ಟೇ. ಅದೇನದು, ಮೆಟ್ಟಿಲು? ನಾವ್ಯಾರೂ ಹೇಳಿಲ್ವಲ್ಲ?"
ಒಳ್ಳೆಯ ಹೆಂಗಸು. ಧೈರ್ಯ ಸಾಲದು.

ಫೆಬ್ರವರಿ 19
ಮಳೆ. ಮಳೆ. ಮಳೆ. ಅಕ್ಕ ಆರು ದಿನ ಹಾಸಿಗೆ ಬಿಟ್ಟು ಏಳಲಿಲ್ಲ. ಹೊದಿಕೆ ತಾಗಿದರೂ ಮುಖ ಕಿವುಚುತ್ತಾಳೆ. ನಿನ್ನ ಎಂಟು ಸುತ್ತಿನದೇ ಪ್ರತಾಪ ಎಂದಳು ಅಮ್ಮ. ಯಾವ ಹೋರಾಟದಲ್ಲೂ ಹಿನ್ನಡೆ ಇರುತ್ತದೆ.

ಫೆಬ್ರವರಿ 22, ಸಂಜೆ
ಅಕ್ಕ ಇವತ್ತು ಕೆಲಸಕ್ಕೆ ಹೋಗಿದ್ದಳು. ಪರದೆ ಹೊಲಿಯುವ ಕಾರ್ಖಾನೆ, ಎಂಟು ಗಂಟೆ ಮಷೀನಿನ ಮುಂದೆ. ಬಂದವಳು ಬಾಗಿಲಲ್ಲೇ ಕೂತು ಎಡಗಾಲಿನ ಚಪ್ಪಲಿ ಎಳೆದು ಬಿಚ್ಚಿದಳು. ಪಟ್ಟಿಯ ಗುರುತು ಆಳವಾಗಿ ಮೂಡಿತ್ತು. ಬಲಗಾಲಿನಲ್ಲಿ ಇರಲಿಲ್ಲ.
"ಏನು ಬರೀಲಿ? ಮೋಡಾನಾ?"
"ಮೋಡ ಅಲ್ಲ ಕಣೇ. ಇದು ಬೇರೆ ಥರ. ಒಂದೇ ಕಡೆ..."
"ಮಳೇನಾ ಹಾಗಾದ್ರೆ?"
"ನಿನ್ನ ಹವಾಮಾನದಲ್ಲಿ ಇದಕ್ಕೆ ಹೆಸರಿಲ್ವೇ. ನೋವು ಇದು. ನೋವು!"
ಎರಡು ಸಲ. ಕಾನೂನು ಕಾನೂನೇ. ಹತ್ತಿದಳು. ಇಳಿದು ಬಂದಾಗ ಮುಖ ಬಿಳಿಚಿತ್ತು. ಚಾರ್ಟಿನಲ್ಲಿ ಮಳೆ ಎಂದು ಬರೆದೆ.

ಫೆಬ್ರವರಿ 25
ಮೂರು ದಿನದಿಂದ ಅಕ್ಕನ ಬಾಯಲ್ಲಿ ಆ ಪದ ಕೇಳಿಲ್ಲ. "ಮಳೆ" ಎನ್ನುತ್ತಾಳೆ, ಮುಗಿಯಿತು. ಗೆದ್ದೆವು ಎಂದೇ ತೋರುತ್ತದೆ.
ಅಮ್ಮ ಅವಳ ಎಡಗಾಲಿನ ಕೆಳಗೆ ದಿಂಬು ಇಡುತ್ತಿದ್ದಳು. ನನ್ನನ್ನು ಕಂಡು ಇಬ್ಬರೂ ಮಾತು ನಿಲ್ಲಿಸಿದರು.

ಫೆಬ್ರವರಿ 28, ಬೆಳಿಗ್ಗೆ 11.40
ಮೆಟ್ಟಿಲ ಮೇಲೆ ಕೂತು ಬರೆಯುತ್ತಿದ್ದೇನೆ.
ಫಿಸಿಯೋ ಫೋನ್ ಮಾಡಿದ್ದರು. ಅಕ್ಕ ಹೇಗಿದ್ದಾರೆ ಎಂದರು. ಮಳೆ, ಅಂದರೆ ಜೋರಾಗಿದೆ, ಒಂದು ವಾರದಿಂದ ಎಂದೆ.
"ಮೈಯೆಲ್ಲಾನಾ?"
"ಇಲ್ಲ, ಎಡಗಾಲೇ ಜಾಸ್ತಿ. ಊದಿದೆ."
ಆ ಕಡೆ ಕುರ್ಚಿ ಸರಿದ ಸದ್ದು. "ಒಂದೇ ಕಾಲಾ? ಮುಟ್ಟಿದ್ರೆ ಬಿಸಿ ಇದ್ಯಾ?"
ಗೊತ್ತಿಲ್ಲ. ಮುಟ್ಟಿ ನೋಡಿಲ್ಲ.
"ತಿಕ್ಕಬೇಡಿ, ನಡೆಸ್ಬೇಡಿ. ಫೈಬ್ರೊ ಇದ್ದೋರಿಗೆ ಬೇರೇದೂ ಬರುತ್ತಮ್ಮಾ! ಕಾಲಲ್ಲಿ ರಕ್ತ ಹೆಪ್ಪುಗಟ್ಟಿರಬಹುದು, ಅದು ಕಳಚಿ ಶ್ವಾಸಕೋಶಕ್ಕೆ ಹೋದ್ರೆ ಜೀವಕ್ಕೇ ಅಪಾಯ. ಈಗ್ಲೇ ಆಸ್ಪತ್ರೆಗೆ ಕರ್ಕೊಂಡು ಹೋಗಿ."
ಅಕ್ಕ ಕೋಣೆಯಲ್ಲಿ ಇರಲಿಲ್ಲ. "ಮೆಟ್ಟಿಲು ಹತ್ತೋಕೆ ಹೋದ್ಳು" ಎಂದಳು ಅಮ್ಮ. "ಏಳುವಾಗ ಬಾಯಿತಪ್ಪಿ ಆ ಪದ ಅಂದ್ಬಿಟ್ಳು. ನೀನು ಕೇಳಿಸ್ಕೊಂಡಿರ್ಲಿಲ್ಲ. ಬೇಡ ಅಂದೆ, ಮಾತು ಕೊಟ್ಟಿದೀನಿ ಅಂದ್ಳು."
ಮೂರನೇ ಮಹಡಿಯ ತಿರುವಿನಲ್ಲಿ ಸಿಕ್ಕಳು. ಗೋಡೆಗೆ ಒರಗಿ ಕೂತಿದ್ದಾಳೆ. ತುಟಿಯ ಬಣ್ಣ ಸರಿಯಿಲ್ಲ. ಅಮ್ಮ ಗೇಟಿನ ಹತ್ತಿರ ನಿಂತಿದ್ದಾಳೆ. ಆಂಬುಲೆನ್ಸ್‌ಗೆ ಇಪ್ಪತ್ತು ನಿಮಿಷವಂತೆ. ಅಲುಗಾಡಿಸಬೇಡಿ, ಬಂದವರಿಗೆ ಕೊಡಲು ವಿವರ ಬರೆದಿಡಿ ಎಂದರು ಫೋನಿನಲ್ಲಿ ಆಂಬುಲೆನ್ಸಿನವರು — ಎಲ್ಲಿ, ಎಂದಿನಿಂದ, ಹೇಗೆ. ಕೈಯಲ್ಲಿ ಈ ದಿನಚರಿ ಪುಸ್ತಕವೇ ಇತ್ತು.
ಕೇಳಿದೆ. "ಅಕ್ಕಾ, ಎಲ್ಲಿ ನೋವು?"
ನನ್ನನ್ನೇ ನೋಡಿದಳು. "ಹೇಳ್ಬಹುದಾ?"
"ಹೇಳೇ. ಎಷ್ಟು ಸಲ ಬೇಕಾದ್ರೂ ಹೇಳು."
ಎಡಗಾಲು, ಮೊಣಕಾಲಿನ ಹಿಂದೆ. ಎಂಟು ದಿನದಿಂದ. ನಿನ್ನೆಯಿಂದ ಎದೆಯಲ್ಲೂ, ಬಲಗಡೆ. ಉಸಿರು ಎಳೆದುಕೊಂಡಾಗ ಚುಚ್ಚುತ್ತದೆ. ಈಗ ಎಳೆದುಕೊಳ್ಳುವುದಕ್ಕೇ —