ಚಿಕ್ಕಿಯ ಮನೆಯ ಹೊಸ್ತಿಲು

ಆಯಿ,

ಕತ್ತಲಲ್ಲೂ ಮನೆ ನಮ್ಮನ್ನು ಕೈಹಿಡಿದು ನಡೆಸುತ್ತದೆ ಎಂಬಂಥ ಸಾಲೊಂದನ್ನು ಎಲ್ಲೋ ಓದಿದ್ದೆ. ಮನೆಯೋ, ಮನೆಯವರೋ, ನೆನಪಾಗುತ್ತಿಲ್ಲ. ಯಾವುದಾದರೂ, ಅದು ನಿಜವೇ?

ನೀನು ಹೊಸ್ತಿಲು ಎಡವಿ ಬಿದ್ದವಳು ಮತ್ತೆ ಏಳಲಿಲ್ಲವಲ್ಲ, ನಿನ್ನ ತಂಗಿಗೂ ಹಾಗಾಗಬಾರದೆಂದು ನಿನ್ನೆ ಸಿದ್ದಾಪುರದ ಅವಳ ಮನೆಯ ಹೊಸ್ತಿಲುಗಳನ್ನೆಲ್ಲ ತೆಗೆಸಿ ನೆಲ ಸಮ ಮಾಡಿಸಿದೆ. ಇವತ್ತು ನನ್ನ ಕಣ್ಣೆದುರೇ ಚಿಕ್ಕಿ ಅಡುಗೆಮನೆಯಿಂದ ಬರುತ್ತ, ಇಲ್ಲದ ಹೊಸ್ತಿಲನ್ನು ದಾಟಲು ಕಾಲೆತ್ತಿ, ಆಯ ತಪ್ಪಿ ಬಿದ್ದಳು. ಪುಣ್ಯಕ್ಕೆ ಮೊಣಕೈ ತರಚಿದ್ದು ಬಿಟ್ಟರೆ ಏನೂ ಆಗಿಲ್ಲ.

“ಯಲ್ಲಾಪುರಕ್ಕೆ, ನಮ್ಮನೆಗೇ ಬಂದ್ಬಿಡು ಚಿಕ್ಕಿ” ಎಂದೆ.

“ನಿಮ್ಮನೇಲಿ ಹೊಸ್ತಿಲು ಇದ್ದಾ ಕೂಸೆ?” ಎಂದು ನಕ್ಕಳು. “ಆನು ಎಲ್ಲಿಗೂ ಬತ್ನಿಲ್ಲೆ.”

ಹಳೆಯ ಹೊಸ್ತಿಲನ್ನೇ ಮತ್ತೆ ಕೂರಿಸಲೇ? ಎಡವಿದರೆ? ಸಮ ನೆಲಕ್ಕೆ ಅವಳ ಕಾಲು ಒಗ್ಗುವವರೆಗೆ ಕಾಯಲೇ?

ಸಂಜೆ ಪಕ್ಕದ ಮನೆಯ ಗಂಗೆ ಬಂದಳು. ಶಾಲೆಯಲ್ಲಿ ಚಿಕ್ಕಿಯ ಹತ್ತಿರ ಕಲಿತವಳು, ಈಗಲೂ ಅಕ್ಕೋರು ಎಂದೇ ಕರೆಯುತ್ತಾಳೆ. ಬಾಗಿಲಲ್ಲೇ ನಿಂತು ಕೆಳಗೆ ನೋಡಿದಳು.

“ದಿನಾ ಬೆಳಿಗ್ಗೆ ಹೊಸ್ತಿಲ ಮೇಲೆ ರಂಗೋಲಿ ಕಂಡ್ರೆ, ಅಕ್ಕೋರು ಎದ್ದಿದಾರೆ ಅಂತ ನಾನು ಕೆಲಸಕ್ಕೆ ಹೋಗ್ತಿದ್ದೆ. ಇನ್ಮೇಲೆ ನಂಗೆ ಹೆಂಗೆ ಗೊತ್ತಾಗ್ತದೆ?”