ಶೃತಿಗೆ ಹೇಳಿದ ಒಂದು ಮಾತು

1 ಮಾರ್ಚ್ 2022, ಮಂಗಳವಾರ, ಶಿರಾ

ಡಾಕ್ಟರಾಗಲು ಉಕ್ರೇನಿಗೆ ಹೋದ ಮಗಳು ಶೃತಿ, ರಷ್ಯಾದ ಬಾಂಬಿಗೆ ಹೆದರಿ ಖಾರ್ಕಿವ್‌ನ ಮೆಟ್ರೋ ಸುರಂಗ ಸೇರಿ ಆರು ದಿನವಾಯಿತು. ಇಲ್ಲಿ ಬೋರಯ್ಯನ ಹೋಟೆಲಿನಲ್ಲೂ ಆರು ದಿನದಿಂದ ಒಂದೇ ವಾದ. ಉಕ್ರೇನಿನ ಸೈನ್ಯ ಆ ಊರನ್ನು ಹಿಡಿದು ನಿಲ್ಲಬೇಕೋ, ಬಿಟ್ಟು ಹಿಂದೆ ಸರಿಯಬೇಕೋ ಅಂತ.

ಇವತ್ತು ಸಂಜೆಯೂ ಅದೇ. ಮಿಲಿಟರಿಯಲ್ಲಿದ್ದು ಬಂದ ತಿಪ್ಪೇರುದ್ರಪ್ಪ ಟೇಬಲ್ ಮೇಲೆ ಲೋಟಗಳನ್ನು ಸೈನ್ಯದ ಹಾಗೆ ಜೋಡಿಸಿ, "ಊರು ಬುಟ್ಟು ನದಿ ಆಚೆಗೆ ಸರೀಬೇಕು ಕಣ್ರಪ್ಪ. ಊರು ಹೋದ್ರೆ ಹೋಗ್ಲಿ, ಸೈನ್ಯ ಉಳೀಬೇಕು" ಅಂದರು.

"ಅದೆಂಗೆ ಬುಟ್ಕೊಡೋಕಾಯ್ತದೆ?" ಎಂದು ಬೋರಯ್ಯ ರೇಗಿದ.

ನನಗೆ ತಡೆಯಲಾಗಲಿಲ್ಲ. "ಅಣ್ಣ, ಈಗ್ತಾನೆ ಶೃತಿ ಫೋನ್ ಮಾಡಿದ್ಲು. ಸ್ಟೇಷನ್‌ವರೆಗೂ ನಡೆದ್ರೆ ರೈಲು ಸಿಗಬಹುದಂತೆ. ದಾರೀಲಿ ಬಾಂಬ್ ಬೀಳ್ತಿದೆಯಂತೆ. ಹೊರಡ್ಲಾ, ಇಲ್ಲೇ ಇರ್ಲಾ ಅಂತ ಕೇಳ್ತಾಳೆ. ಏನು ಹೇಳ್ಲಿ?"

ತಿಪ್ಪೇರುದ್ರಪ್ಪ ಲೋಟಗಳನ್ನು ಪಕ್ಕಕ್ಕೆ ಸರಿಸಿದರು. "ನಂಗೊತ್ತಿಲ್ಲ ಕಣಪ್ಪ" ಅಂದರು.

ರಸ್ತೆಗೆ ಬಂದು ಫೋನ್ ಮಾಡಿ ನಾನೇ "ಹೊರಡು ಮಗಳೇ" ಅಂದೆ. ಅವಳು ಎದುರು ಮಾತಾಡಲಿಲ್ಲ. "ಸರಿ ಅಪ್ಪ" ಅಂದಳು, ಅಷ್ಟೇ. ಆಮೇಲೆ ಐದು ಗಂಟೆ ಕಾಲ ಫೋನ್ ಇಲ್ಲ.

ಈಗ ಮೆಸೇಜು ಬಂದಿದೆ. ರೈಲು ಹತ್ತಿದ್ದಾಳೆ, ನಿಂತೇ ಇದ್ದಾಳೆ. ನನ್ನ ಹೆಂಡತಿ ದೇವರ ಮುಂದೆ ಕೂತು ಅಳುತ್ತಿದ್ದಾಳೆ. ಮೆಸೇಜಿನ ಕೊನೇ ಸಾಲು ಅವಳಿಗೆ ಓದಿ ಹೇಳಿಲ್ಲ. ಶೃತಿಯ ಜೊತೆಗೆ ಹೊರಟ ಗೆಳತಿ, ಪಾವಗಡದ ಶಶಿರೇಖಾ ಸ್ಟೇಷನ್ನಿಗೆ ಬರಲೇ ಇಲ್ಲವಂತೆ.

ಅವಳಪ್ಪನೂ ಹೊರಡು ಅಂತಲೇ ಹೇಳಿದ್ದನಂತೆ.