ಅನಕ್ಷರಸ್ಥಳ ಹದಿನಾರು ಪುಟ

ಮಾರ್ಚ್ ಹದಿನಾಲ್ಕು, ಮಂಗಳವಾರ

ನನಗೆ ಓದು ಬರಹ ಬರುವುದಿಲ್ಲವಂತೆ! ಹಾಗೆಂದು ಬರೆದಿದ್ದನ್ನು ನಾನೇ ಓದಿದೆ, ಭಾಷಾ ವಿಭಾಗದ ಮೇಜು ಒರೆಸುವಾಗ.

ಜರ್ಮನ್ ಎಂ.ಎ. ಮಾಡುತ್ತಿರುವ ಗುಂಗುರು ಕೂದಲಿನ ಹುಡುಗಿ ಕೇಳಿದಳೆಂದು ನನ್ನ ಕಥೆ ಕೊಟ್ಟಿದ್ದೆ. ನಾನೇ ಕಟ್ಟಿ, ನೋಟ್‌ಬುಕ್ಕಿನಲ್ಲಿ ನಾನೇ ಬರೆದದ್ದು, ಹದಿನಾರು ಪುಟ. ಅದನ್ನು ಜರ್ಮನ್‌ಗೆ ಅನುವಾದಿಸಿ ದಪ್ಪ ರಟ್ಟು ಹಾಕಿಸಿದ್ದಾಳೆ. ಮೊದಲ ಪುಟದಲ್ಲಿ ಮಾತ್ರ ನಮ್ಮ ಭಾಷೆ: 'ಕಥೆ ಹೇಳಿದವರು: ಅನಕ್ಷರಸ್ಥ ಕೆಲಸದಾಕೆ.'

ಕಾರಿಡಾರಿನಲ್ಲಿ ಸಿಕ್ಕಾಗ ಕೇಳಿಯೇಬಿಟ್ಟೆ.

"ಅಯ್ಯೋ ಅಕ್ಕಾ, ಓದು ಬರದವರು ಬಾಯಲ್ಲಿ ಹೇಳಿದ ಕಥೇನೇ ಆಗ್ಬೇಕು ಅಂತ ಸರ್ ಹೇಳಿದ್ರು. ಬರೆದಿದ್ದು ಅಂದ್ರೆ ಮಾರ್ಕ್ಸೇ ಕೊಡಲ್ಲ. ನಿಮಗೇನು ನಷ್ಟ ಹೇಳಿ?"

"ನನ್ನ ನೋಟ್‌ಬುಕ್ಕಾದ್ರೂ ಕೊಡಮ್ಮ."

"ಎಲ್ಲೋ ಇಟ್ಟಿದೀನಿ, ಹುಡುಕ್ತೀನಿ."

ಮೈಯೆಲ್ಲ ಉರಿಯಿತು. ಆದರೂ ತಲೆಯಾಡಿಸಿ ಬಂದೆ; ಹಾಳು ಸಂಕೋಚ. ನಾಲ್ಕನೇ ಕ್ಲಾಸಿನ ಅಕ್ಷರವೇ ಇರಬಹುದು, ಅದೂ ಅಕ್ಷರವಲ್ಲವೇ?

ಬೆಳಿಗ್ಗೆ ಏಳಕ್ಕೆ ವಿಭಾಗದ ಬೀಗ ತೆಗೆಯುವವಳು ನಾನೇ. ನಾಳೆ ಆ 'ಅನಕ್ಷರಸ್ಥ' ಸಾಲಿನ ಕೆಳಗೆ ನನ್ನ ಹೆಸರು ಬರೆಯುತ್ತೇನೆ, ಪೆನ್ನಿನಲ್ಲೇ. ದುಂಡಗೆ ಬರಲಿ ಎಂದು ಈ ಪುಟದ ಹಿಂದೆ ಹತ್ತು ಸಲ ಬರೆದು ನೋಡಿದೆ. ಒಂಬತ್ತನೆಯದು ಪರವಾಗಿಲ್ಲ.